ಗುಲಾಬಿ ಬಣ್ಣದ ನಂಬರು 81-88-9

2024ರ ಮಾರ್ಚ್ 11ರಂದು ರಾಜ್ಯದ ಆರೋಗ್ಯ ಸಚಿವರು ಗೋಬಿ ಮಂಚೂರಿ ಮತ್ತು ಕಾಟನ್ ಕ್ಯಾಂಡಿಗೆ ಕೃತಕ ಬಣ್ಣ ಬೆರೆಸಕೂಡದೆಂದು ಘೋಷಿಸಿದ ಸುದ್ದಿ ನಿಮಗೆ ನೆನಪಿರಬಹುದು. ಪರೀಕ್ಷೆಗೆ ಹೋದ 171 ಗೋಬಿ ಮಾದರಿಗಳಲ್ಲಿ 107, ಕಾಟನ್ ಕ್ಯಾಂಡಿಯ 25 ಮಾದರಿಗಳಲ್ಲಿ 15 ಅಸುರಕ್ಷಿತ ಎಂದು ವರದಿ ಬಂದಿತ್ತು. ಮರುದಿನ ಪತ್ರಿಕೆ ಬಿಡಿಸಿದರೆ ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್, ರೋಡಮೈನ್ ಬಿ. ಅದುವರೆಗೆ ಬಣ್ಣದ ವ್ಯಾಪಾರಿಗಳಿಗೂ ಕೆಮಿಸ್ಟ್ರಿ ಮೇಷ್ಟ್ರುಗಳಿಗೂ ಬಿಟ್ಟರೆ ಬೇರೆ ಯಾರಿಗೂ ಬೇಕಾಗದಿದ್ದ ಹೆಸರುಗಳು ರಾತ್ರೋರಾತ್ರಿ ಮನೆಮಾತಾದವು.

ಹೆಸರು ಗೊತ್ತಾದ ಮೇಲೆ ಎಲ್ಲರೂ ಮಾಡುವ ಮೊದಲ ಕೆಲಸ, ಮೊಬೈಲ್ ತೆಗೆದು ಗೂಗಲ್‌ನಲ್ಲಿ ಹುಡುಕುವುದು. ಅಲ್ಲಿ ಕೇಜಿಗಟ್ಟಲೆ ಬಣ್ಣ ಮಾರುವವರ ಜಾಹೀರಾತು, ಕ್ಯಾನ್ಸರ್ ಬರುತ್ತದೆಂದು ಹೆದರಿಸುವ ವಿಡಿಯೊ, ಏನೂ ಆಗುವುದಿಲ್ಲವೆಂದು ಧೈರ್ಯ ಹೇಳುವ ಇನ್ನೊಂದು ವಿಡಿಯೊ ಸಾಲಾಗಿ ಬರುತ್ತವೆ. ಇಷ್ಟರ ನಡುವೆ ಆ ವಸ್ತು ನಿಜಕ್ಕೂ ಯಾವುದು, ಅದರ ಅಣು ಹೇಗಿದೆ, ಎಷ್ಟು ಡಿಗ್ರಿಗೆ ಕರಗುತ್ತದೆ, ವಿಷವೆಂದು ಹೇಳಿದವರು ಯಾರು, ಯಾವ ಆಧಾರದ ಮೇಲೆ ಹೇಳಿದರು ಎನ್ನುವುದು ಸಿಗಬೇಕಾದರೆ ಬೇರೆ ಬಾಗಿಲು ತಟ್ಟಬೇಕು. ರಸಾಯನ ವಿಜ್ಞಾನಿಗಳು ದಿನಬೆಳಗಾದರೆ ತೆರೆದು ಕೂರುವ ಡೇಟಾಬೇಸುಗಳ ಬಾಗಿಲು. ಅವುಗಳಲ್ಲಿ ಬಹು ದೊಡ್ಡದೊಂದು ಪೂರ್ತಿ ಉಚಿತ. ಪಿಯುಸಿ ಓದುವ ಹುಡುಗಿಯೂ ಲಾಗಿನ್ ಗೊಡವೆಯಿಲ್ಲದೆ ಒಳಗೆ ಹೋಗಬಹುದು. ಹುಡುಕುವ ಕ್ರಮ ಮಾತ್ರ ಗೊತ್ತಿರಬೇಕು. ಕಾಟನ್ ಕ್ಯಾಂಡಿಯ ಆ ಗುಲಾಬಿ ಬಣ್ಣವಾದ ರೋಡಮೈನ್ ಬಿಯನ್ನೇ ಹಿಡಿದುಕೊಂಡು ಒಂದು ಸುತ್ತು ಹೋಗಿ ಬರೋಣ.

ಹೆಸರು ನಂಬಿ ಕೆಡಬೇಡಿ

ಮೊದಲ ತೊಡಕು ಹೆಸರಿನದೇ. ರೋಡಮೈನ್ ಬಿ ಬಟ್ಟೆಗೆ ಬಣ್ಣ ಹಾಕುವವರ ಬಾಯಲ್ಲಿ ಬೇಸಿಕ್ ವೈಲೆಟ್ 10. ಬಣ್ಣಗಳ ಅಂತರರಾಷ್ಟ್ರೀಯ ಪಟ್ಟಿಯಾದ ಕಲರ್ ಇಂಡೆಕ್ಸ್‌ನಲ್ಲಿ ಅದು 45170. ಅಮೆರಿಕದ ಸೌಂದರ್ಯವರ್ಧಕಗಳ ಹಳೆಯ ಪಟ್ಟಿಯಲ್ಲಿ ಡಿ ಅಂಡ್ ಸಿ ರೆಡ್ ನಂಬರ್ 19. ವೈಲೆಟ್ ಎಂದು ಹುಡುಕಿದವನಿಗೂ ರೆಡ್ ಎಂದು ಹುಡುಕಿದವನಿಗೂ ಸಿಗಬೇಕಾದದ್ದು ಒಂದೇ ಪುಡಿ. ಟಾರ್ಟ್ರಜೀನ್ ಕಥೆಯೂ ಹೀಗೆಯೇ. ನಮ್ಮ ತಿಂಡಿ ಪೊಟ್ಟಣದ ಮೇಲೆ ಐಎನ್‌ಎಸ್ 102, ಯುರೋಪಿನಲ್ಲಿ ಇ102, ಅಮೆರಿಕದಲ್ಲಿ ಯೆಲ್ಲೋ ನಂಬರ್ 5, ಬಟ್ಟೆ ಗಿರಣಿಯಲ್ಲಿ ಆಸಿಡ್ ಯೆಲ್ಲೋ 23.

ಇನ್ನು ಐಯುಪಿಎಸಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ನಿಯಮದಂತೆ ಇಟ್ಟ ಶಾಸ್ತ್ರೀಯ ಹೆಸರಿದೆ. ರೋಡಮೈನ್ ಬಿ ವಿಷಯದಲ್ಲಿ ಅದನ್ನು ಒಂದೇ ಉಸಿರಿಗೆ ಓದಿ ಮುಗಿಸಲಾಗದು. ಒಂದು ಅಡ್ಡಗೆರೆ, ಒಂದು ಆವರಣ ಚಿಹ್ನೆ ತಪ್ಪಿದರೆ ಕಂಪ್ಯೂಟರ್ ಕೈಚೆಲ್ಲುತ್ತದೆ, ಇಲ್ಲವೇ ಇನ್ನೊಂದು ವಸ್ತುವನ್ನು ತಂದು ಮುಂದಿಡುತ್ತದೆ. ಎರಡನೆಯದು ಹೆಚ್ಚು ಅಪಾಯ.

ಈ ಗೋಜಲು ಬಿಡಿಸಲು ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ಊರಿನಲ್ಲಿರುವ ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್ ಸರ್ವೀಸ್ 1965ರಲ್ಲಿ ಒಂದು ಉಪಾಯ ಮಾಡಿತು. ಜಗತ್ತಿನ ಯಾವುದೇ ಪ್ರಬಂಧದಲ್ಲಿ, ಪೇಟೆಂಟಿನಲ್ಲಿ ಹೊಸ ವಸ್ತು ಕಂಡರೆ ಅದಕ್ಕೊಂದು ನಂಬರು ಕೊಡುವುದು. ಇದೇ ಕ್ಯಾಸ್ ನಂಬರು. ಯಾವ ಲ್ಯಾಬಿಗೆ ಹೋಗಿ ಯಾವ ಬಾಟಲಿ ತಿರುಗಿಸಿದರೂ ಲೇಬಲ್ಲಿನ ಮೂಲೆಯಲ್ಲಿ ಇದು ಇರುತ್ತದೆ. ನೀರಿಗೆ 7732-18-5, ಕಾಫಿಯ ಕೆಫೀನಿಗೆ 58-08-2, ಅರಿಶಿನದ ಕರ್ಕ್ಯುಮಿನ್‌ಗೆ 458-37-7. ನಂಬರಿಗೂ ವಸ್ತುವಿನ ಗುಣಕ್ಕೂ ಸಂಬಂಧವಿಲ್ಲ. ನಮ್ಮ ಆಧಾರ್ ಸಂಖ್ಯೆ ನೋಡಿ ಆಸಾಮಿ ಎತ್ತರವೋ ಕುಳ್ಳೋ ಹೇಳಲಾಗದಲ್ಲ, ಹಾಗೆ. ಹೀಗೆ ನಂಬರು ಪಡೆದ ವಸ್ತುಗಳು ಈಗ 20 ಕೋಟಿ ದಾಟಿವೆ.

ನಂಬರಿನ ಕೊನೆಯ ಅಂಕಿಯಲ್ಲಿ ಒಂದು ಜಾಣತನವಿದೆ. ಕಾಗದ ಪೆನ್ನು ಇದ್ದರೆ ಈಗಲೇ ಮಾಡಿ ನೋಡಿ. ರೋಡಮೈನ್ ಬಿ ನಂಬರು 81-88-9. ಕೊನೆಯ 9 ಬಿಡಿ. ಉಳಿದದ್ದು 8, 1, 8, 8. ಬಲದಿಂದ ಎಡಕ್ಕೆ ಒಂದರಿಂದ, ಎರಡರಿಂದ, ಮೂರರಿಂದ, ನಾಲ್ಕರಿಂದ ಗುಣಿಸುತ್ತ ಹೋಗಿ. ಎಂಟೊಂದ್ಲ 8, ಎಂಟೆರಡ್ಲ 16, ಒಂದ್ಮೂರ್ಲ 3, ಎಂಟ್ನಾಲ್ಕ್ಲ 32. ಕೂಡಿದರೆ 59. ಬಿಡಿಸ್ಥಾನದಲ್ಲಿ 9 ಇದೆ, ಅಲ್ಲಿಗೆ ನಂಬರು ಸರಿ. ಯಾರೋ ಅವಸರದಲ್ಲಿ 18-88-9 ಎಂದು ಬರೆದುಕೊಂಡಿದ್ದರೆ ಮೊತ್ತ 52 ಬಂದು, ಕೊನೆಯಲ್ಲಿ 2 ಇರಬೇಕಿತ್ತಲ್ಲ ಎಂದು ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ಗೋದಾಮಿನಲ್ಲಿ ಡ್ರಮ್ ಲೆಕ್ಕ ಬರೆಯುವವರಿಗೂ ಆಮದು ದಾಖಲೆ ತುಂಬುವವರಿಗೂ ಇದು ಬಲು ದೊಡ್ಡ ಅನುಕೂಲ. ಸುಮಾರು ಐದು ಲಕ್ಷ ವಸ್ತುಗಳ ನಂಬರನ್ನು ಕಾಮನ್ ಕೆಮಿಸ್ಟ್ರಿ ಎಂಬ ತಾಣದಲ್ಲಿ ಆ ಸಂಸ್ಥೆ ಪುಕ್ಕಟೆಯಾಗಿ ತೆರೆದಿಟ್ಟಿದೆ. ಉಳಿದದ್ದಕ್ಕೆ ದುಡ್ಡು ಬಿಚ್ಚಬೇಕು.

ಒಂದು ಬಣ್ಣ, ಹಲವು ದಾಖಲೆ

ಈಗ ಪಬ್‌ಕೆಮ್ ತೆರೆಯೋಣ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2004ರಲ್ಲಿ ಶುರುಮಾಡಿದ ಉಚಿತ ಭಂಡಾರ ಇದು. 11 ಕೋಟಿಗೂ ಹೆಚ್ಚು ಸಂಯುಕ್ತಗಳ ವಿವರ ಇದರಲ್ಲಿದೆ. ಹುಡುಕುವ ಜಾಗದಲ್ಲಿ ನಂಬರು ಹಾಕಿದರೆ ಅಣುವಿನ ಚಿತ್ರ ಮೇಲೆದ್ದು ಬರುತ್ತದೆ. ನಡುವೆ ಅಂಟಿಕೊಂಡ ಮೂರು ಉಂಗುರ, ಅದಕ್ಕೆ ಜೋತುಬಿದ್ದ ಇನ್ನೊಂದು ಉಂಗುರ, ಎರಡು ತುದಿಯಲ್ಲಿ ಸಾರಜನಕ, ಪಕ್ಕದಲ್ಲಿ ಒಂಟಿಯಾಗಿ ನಿಂತ ಕ್ಲೋರೈಡ್. ಇಂಗಾಲ 28, ಜಲಜನಕ 31, ಕ್ಲೋರಿನ್ 1, ಸಾರಜನಕ 2, ಆಮ್ಲಜನಕ 3. ಅಣುತೂಕ 479.

ಆದರೆ ಹೆಸರು ಮಾತ್ರ ಹಾಕಿ ಹುಡುಕಿದವರಿಗೆ ಅಕ್ಕಪಕ್ಕದಲ್ಲಿ ಬೇರೆ ದಾಖಲೆಗಳೂ ಕಾಣುತ್ತವೆ. ಒಂದರಲ್ಲಿ ಆ ಕ್ಲೋರೈಡೇ ಇಲ್ಲ, ಅಣುತೂಕ 442.5ಕ್ಕೆ ಇಳಿದಿದೆ. ಇದು ರೋಡಮೈನ್ ಬಿ ಬೇಸ್; ಬಣ್ಣದ ವ್ಯಾಪಾರದಲ್ಲಿ ಸಾಲ್ವೆಂಟ್ ರೆಡ್ 49, ಕ್ಯಾಸ್ ನಂಬರು 509-34-2. ನೀರಿನಲ್ಲಿ ಕರಗುವ ಲವಣ ಒಂದು, ಎಣ್ಣೆ-ಮೇಣಕ್ಕೆ ಒಗ್ಗುವ ಬೇಸ್ ಇನ್ನೊಂದು. ಇದೇ ಅಣು ಒಳಗೊಳಗೇ ಮಡಚಿಕೊಂಡು ಲ್ಯಾಕ್ಟೋನ್ ಎಂಬ ರೂಪ ತಾಳಿದರೆ ಬಣ್ಣವೇ ಮಾಯ. ಮೂವರೂ ಒಂದೇ ಮನೆಯವರು ನಿಜ, ಆದರೆ ಒಬ್ಬರ ಗುಣವನ್ನು ಇನ್ನೊಬ್ಬರ ಲೆಕ್ಕಕ್ಕೆ ಬರೆದರೆ ಎಡವಟ್ಟು. ಔಷಧಗಳಲ್ಲೂ ಹೀಗೆಯೇ ಆಗುತ್ತದೆ. ಮಾತ್ರೆಯಲ್ಲಿರುವುದು ಲವಣ, ಪುಸ್ತಕದಲ್ಲಿ ಬರೆದದ್ದು ಬೇಸಿನ ತೂಕ.

ಸರಿ, ಹೆಸರು ಬೇಡ, ಅಣುಸೂತ್ರವನ್ನೇ ಹಾಕಿ ಹುಡುಕಿದರೆ? ಆಗ ರೋಡಮೈನ್ 6ಜಿ ಎಂಬ ಇನ್ನೊಂದು ಬಣ್ಣ ಎದುರಾಗುತ್ತದೆ. ಲೇಸರ್ ಪ್ರಯೋಗಾಲಯಗಳಲ್ಲಿ ಬಹಳ ಬಳಕೆಯಲ್ಲಿರುವ ವಸ್ತು. ಅದರ ಸೂತ್ರವೂ ಅದೇ, ತೂಕವೂ ಅದೇ 479. ಅದೇ ಇಟ್ಟಿಗೆ, ಅಷ್ಟೇ ಇಟ್ಟಿಗೆ, ಜೋಡಣೆ ಮಾತ್ರ ಬೇರೆ. ಆಹಾರ ಪರೀಕ್ಷೆಯ ಲ್ಯಾಬಿನಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಅಣುವನ್ನು ತೂಗುತ್ತದೆ. ಕ್ಲೋರೈಡ್ ಕಳಚಿದ ಮೇಲೆ ಎರಡಕ್ಕೂ ತೋರುವ ತೂಕ 443. ಬರೀ ತೂಕ ನೋಡಿ ಇಂಥದ್ದೇ ಬಣ್ಣ ಎಂದು ವರದಿ ಬರೆದರೆ ಕೋರ್ಟಿನಲ್ಲಿ ನಿಲ್ಲದು. ಅಣುವನ್ನು ಒಡೆದು ಚೂರು ನೋಡಬೇಕು. ರೋಡಮೈನ್ ಬಿ ಒಡೆದರೆ 399ರ ಚೂರು ಎದ್ದು ಕಾಣುತ್ತದೆ, 6ಜಿ ಒಡೆದರೆ 415ರದು. ಯಾವ ಚೂರು ಯಾರದೆಂದು ತಿಳಿಯಲು ಲ್ಯಾಬಿನವರು ಮತ್ತೆ ಬರುವುದು ಡೇಟಾಬೇಸಿನ ಬಳಿಗೇ.

ಚಿತ್ರವನ್ನು ಕಂಪ್ಯೂಟರ್ ಓದುವುದು ಹೇಗೆ?

ಹಾಗಾಗಿ ಪಳಗಿದವರು ಅಣುವಿನ ರಚನೆಯನ್ನೇ ಬರೆದು ಹುಡುಕುತ್ತಾರೆ. ಪರದೆಯ ಮೇಲೆ ಉಂಗುರ ಎಳೆದು, ಕೊಂಬೆ ಸೇರಿಸಿ, ಹುಡುಕು ಎಂದು ಒತ್ತುವುದು. ಕೇಳಲು ಸುಲಭ. ನಾನು ಉಂಗುರವನ್ನು ಎಡದಿಂದ ಶುರುಮಾಡುತ್ತೇನೆ, ನೀವು ಬಲದಿಂದ ಮಾಡುತ್ತೀರಿ. ನನ್ನ ಚಿತ್ರ ನೆಟ್ಟಗಿದೆ, ನಿಮ್ಮದು ತಲೆಕೆಳಗಿದೆ. ಎರಡೂ ಒಂದೇ ಅಣು ಎಂದು ಯಂತ್ರಕ್ಕೆ ಗೊತ್ತಾಗುವುದು ಹೇಗೆ?

ಇದಕ್ಕೆ ಉತ್ತರ ಕೊಟ್ಟವರು ಕೊಲಂಬಸ್‌ನ ಅದೇ ಸಂಸ್ಥೆಯ ಹ್ಯಾರಿ ಮಾರ್ಗನ್. 1965ರಲ್ಲಿ ಅವರು ಪ್ರಕಟಿಸಿದ ವಿಧಾನದ ತಿರುಳು ಇಷ್ಟೆ: ಪ್ರತಿ ಪರಮಾಣುವಿಗೂ ಅದಕ್ಕೆ ಎಷ್ಟು ನೆರೆಯವರಿದ್ದಾರೆ ಎಂಬ ಅಂಕಿ ಕೊಡಿ. ಮುಂದಿನ ಸುತ್ತಿನಲ್ಲಿ ನೆರೆಯವರ ಅಂಕಿಗಳನ್ನೆಲ್ಲ ಕೂಡಿ ಹೊಸ ಅಂಕಿ ಕೊಡಿ. ಹೀಗೇ ಸುತ್ತು ಹಾಕುತ್ತ ಹೋದರೆ ಜನಸಂದಣಿಯ ನಡುವಿರುವ ಪರಮಾಣುವಿನ ಅಂಕಿ ಬೆಳೆಯುತ್ತದೆ, ಅಂಚಿನಲ್ಲಿರುವುದರದ್ದು ಹಿಂದೆ ಬೀಳುತ್ತದೆ. ಚಿತ್ರ ಹೇಗೇ ಬರೆದಿರಲಿ, ಈ ಶ್ರೇಣಿ ಬದಲಾಗುವುದಿಲ್ಲ. ಆ ಕ್ರಮದಲ್ಲಿ ಪರಮಾಣುಗಳಿಗೆ ನಂಬರು ಹಾಕಿದರೆ ಒಂದು ಅಣುವಿಗೆ ಒಂದೇ ಬರಹ ಸಿಗುತ್ತದೆ. ಎರಡು ಬರಹ ತಾಳೆಯಾದರೆ ಎರಡು ಅಣುವೂ ಒಂದೇ. ಅರವತ್ತು ವರ್ಷ ಹಳೆಯ ಈ ಲೆಕ್ಕದ ಮೊಮ್ಮಕ್ಕಳು ಇಂದಿಗೂ ಔಷಧ ಕಂಪನಿಗಳ ಸರ್ವರುಗಳಲ್ಲಿ ದುಡಿಯುತ್ತಿವೆ.

1980ರ ದಶಕದಲ್ಲಿ ಡೇವಿಡ್ ವೈನಿಂಗರ್ ಎಂಬ ಅಮೆರಿಕದ ವಿಜ್ಞಾನಿ ಅಣುವನ್ನು ಒಂದೇ ಸಾಲಿನಲ್ಲಿ ಟೈಪು ಮಾಡುವ ಸ್ಮೈಲ್ಸ್ ಎಂಬ ಲಿಪಿ ತಂದರು. ಜಲಜನಕವನ್ನು ಬರೆಯುವ ಗೋಜಿಲ್ಲ. ಸಿ ಎಂದರೆ ಇಂಗಾಲ, ಓ ಎಂದರೆ ಆಮ್ಲಜನಕ. ಸಿ-ಸಿ-ಓ ಎಂದು ಬರೆದರೆ ಎಥನಾಲ್, ಅಂದರೆ ಮದ್ಯದ ಆಲ್ಕೋಹಾಲ್, 78 ಡಿಗ್ರಿಗೆ ಕುದಿಯುವ ದ್ರವ. ಅದೇ ಮೂರಕ್ಷರ ಅದಲುಬದಲಾಗಿ ಸಿ-ಓ-ಸಿ ಆದರೆ ಡೈಮೀಥೈಲ್ ಈಥರ್, ಸೊನ್ನೆಗಿಂತ 24 ಡಿಗ್ರಿ ಕೆಳಗೇ ಕುದಿದು ಹೋಗುವ ಅನಿಲ. ಐಯುಪಿಎಸಿ ಕೂಡ 2005ರಲ್ಲಿ ಇಂಚಿ ಎಂಬ ತನ್ನದೇ ಸಂಕೇತ ಬಿಡುಗಡೆ ಮಾಡಿತು. ಅದರ ಸಂಕ್ಷಿಪ್ತ ರೂಪವಾದ ಇಂಚಿ-ಕೀ ಅಡ್ಡಗೆರೆಗಳೂ ಸೇರಿ ಸರಿಯಾಗಿ 27 ಅಕ್ಷರ. ಅದನ್ನು ಕಾಪಿ ಮಾಡಿ ಗೂಗಲ್‌ಗೆ ಹಾಕಿದರೂ ಸಾಕು, ಬಣ್ಣ ಮಾರುವವರ ಜಾಹೀರಾತು ಬಹುಮಟ್ಟಿಗೆ ಬದಿಗೆ ಸರಿದು ಅಸಲಿ ದಾಖಲೆಗಳು ಮೇಲೆ ಬರುತ್ತವೆ.

ರಚನೆಯ ಹುಡುಕಾಟದ ನಿಜವಾದ ಮಜಾ ಇರುವುದು ಹೋಲಿಕೆಯ ಹುಡುಕಾಟದಲ್ಲಿ. ಇದೇ ಅಣು ಬೇಡ, ಇದರಂಥವು ಯಾವುವಿವೆ ತೋರಿಸು ಎಂದು ಕೇಳಬಹುದು. ಪಬ್‌ಕೆಮ್ ಪ್ರತಿ ಅಣುವಿಗೂ 881 ಹೌದು-ಇಲ್ಲ ಪ್ರಶ್ನೆಗಳ ಉತ್ತರಪತ್ರಿಕೆ ತಯಾರಿಸಿ ಇಟ್ಟಿದೆ. ಬೆಂಜೀನ್ ಉಂಗುರವಿದೆಯೇ, ಸಾರಜನಕಕ್ಕೆ ಎರಡು ಇಂಗಾಲ ಅಂಟಿವೆಯೇ, ಇಂಥವು. ಎರಡು ಅಣುಗಳಲ್ಲೂ ಹೌದು ಎಂದಿರುವ ಪ್ರಶ್ನೆಗಳನ್ನು ಎಣಿಸಿ, ಒಂದರಲ್ಲಾದರೂ ಹೌದು ಎಂದಿರುವ ಪ್ರಶ್ನೆಗಳಿಂದ ಭಾಗಿಸಿದರೆ ಹೋಲಿಕೆಯ ಅಂಕ ಬಂತು. ಹೊಸದಾಗಿ ಕಲಬೆರಕೆಗೆ ಇಳಿದ ಬಣ್ಣ ಯಾವ ಕುಟುಂಬದ್ದಿರಬಹುದು ಎಂದು ಪತ್ತೆ ಹಚ್ಚುವವರಿಗೆ ಇದು ದಾರಿ ತೋರಿಸುತ್ತದೆ.

ಕರಗುವುದು 165ಕ್ಕೋ 210ಕ್ಕೋ

ವಸ್ತು ಯಾವುದೆಂದು ಗೊತ್ತಾಯಿತು. ಈಗ ಗುಣ. ಪುಟವನ್ನು ಕೆಳಗೆ ಜಾರಿಸಿದರೆ ಎರಡು ಭಾಗ ಕಾಣುತ್ತವೆ. ಒಂದು ಕಂಪ್ಯೂಟರ್ ಲೆಕ್ಕ ಹಾಕಿದ ಗುಣಗಳು, ಇನ್ನೊಂದು ಪ್ರಯೋಗದಿಂದ ಬಂದ ಗುಣಗಳು. ಇವೆರಡರ ನಡುವಿನ ಗೆರೆಯನ್ನು ಗಮನಿಸದೆ ಅಂಕಿ ಎತ್ತಿಕೊಂಡು ಹೋಗುವವರು ಪಿಎಚ್‌ಡಿ ಮಾಡುವವರಲ್ಲೂ ಇದ್ದಾರೆ. ಎಣ್ಣೆಯಲ್ಲಿ ಎಷ್ಟು, ನೀರಿನಲ್ಲಿ ಎಷ್ಟು ಬೆರೆಯುತ್ತದೆ ಎಂಬ ಅಂಕಿ ಬಹಳ ಸಲ ಸೂತ್ರದಿಂದ ಹೊರಟ ಅಂದಾಜು. ಯಾರೂ ಬಾಟಲಿ ಕುಲುಕಿ ಅಳೆದಿರುವುದಿಲ್ಲ. ಅಂದಾಜು ತಪ್ಪೇನಲ್ಲ, ಅಳತೆ ಎಂದು ಬರೆದುಕೊಂಡರೆ ತಪ್ಪು.

ಪ್ರಯೋಗದ ಅಂಕಿಗಳಿಗೆ ಬಂದರೆ ಹೊಸ ಗೊಂದಲ. ರೋಡಮೈನ್ ಬಿ ಕರಗುವುದು ಎಷ್ಟು ಡಿಗ್ರಿಗೆ? ಒಂದು ಮೂಲ 165 ಎನ್ನುತ್ತದೆ. ಇನ್ನೊಂದು 210ರಿಂದ 211 ಎನ್ನುತ್ತದೆ, ಜೊತೆಗೆ ಆ ಹೊತ್ತಿಗೆ ಒಡೆದುಹೋಗುತ್ತದೆ ಎಂದೂ ಸೇರಿಸುತ್ತದೆ. ನಲವತ್ತೈದು ಡಿಗ್ರಿ ವ್ಯತ್ಯಾಸ! ಇಂಥ ಕಡೆ ಇವರಲ್ಲಿ ಸುಳ್ಳುಗಾರ ಯಾರು ಎಂದು ಕೇಳುವುದಕ್ಕಿಂತ, ಅಳೆದದ್ದು ಲವಣವನ್ನೋ ಬೇಸನ್ನೋ, ಪುಡಿ ಒಣಗಿತ್ತೋ ತೇವ ಹಿಡಿದಿತ್ತೋ, ಎಷ್ಟು ಬೇಗ ಕಾಯಿಸಿದರು ಎಂದು ಕೇಳುವುದು ಲೇಸು. ಕಾಯುತ್ತಲೇ ಒಡೆಯುವ ವಸ್ತುವಿಗೆ ಕರಗುವ ಬಿಂದು ಎನ್ನುವುದೇ ಅಳೆಯುವವನ ಕೈಗುಣವನ್ನು ಅವಲಂಬಿಸಿದೆ. ಪಬ್‌ಕೆಮ್ ಇಲ್ಲಿ ತೀರ್ಪು ಕೊಡುವುದಿಲ್ಲ. ಎರಡನ್ನೂ ಒಂದರ ಕೆಳಗೊಂದು ಇಟ್ಟು, ಪ್ರತಿಯೊಂದರ ಕೆಳಗೆ ಹೇಳಿದವರ ಹೆಸರು ಬರೆದು ಸುಮ್ಮನಾಗುತ್ತದೆ. ಇದು ಅದರ ದೌರ್ಬಲ್ಯ ಎನ್ನುವವರಿದ್ದಾರೆ. ನನಗೆ ಅದರ ಪ್ರಾಮಾಣಿಕತೆ ಕಾಣುವುದು ಇಲ್ಲೇ.

ಫಿಲಡೆಲ್ಫಿಯಾದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಜಾನ್-ಕ್ಲೋಡ್ ಬ್ರಾಡ್ಲಿ ಎಂಬ ಪ್ರಾಧ್ಯಾಪಕರು ಕರಗುವ ಬಿಂದುಗಳ ಇಂಥ ಗೊಂದಲದ ಹಿಂದೆ ಬಿದ್ದಿದ್ದರು. ಸಾವಿರಾರು ವಸ್ತುಗಳ ಕರಗುವ ಬಿಂದುಗಳನ್ನು ಬೇರೆ ಬೇರೆ ಮೂಲಗಳಿಂದ ಒಟ್ಟುಮಾಡಿ, ಎಲ್ಲಿ ಹೊಂದುತ್ತಿಲ್ಲ ಎಂದು ಸಾರ್ವಜನಿಕವಾಗಿ ತೋರಿಸಿ, ಅನುಮಾನ ಬಂದದ್ದನ್ನು ತಮ್ಮ ಲ್ಯಾಬಿನಲ್ಲೇ ಮತ್ತೆ ಅಳೆಸುತ್ತಿದ್ದರು. ಲ್ಯಾಬ್ ನೋಟ್‌ಬುಕ್ಕನ್ನೇ ಇಂಟರ್ನೆಟ್ಟಿನಲ್ಲಿ ತೆರೆದಿಟ್ಟ ಮನುಷ್ಯ. 2014ರಲ್ಲಿ ತೀರಿಕೊಂಡರು.

ಕುದಿಯುವ ಬಿಂದುವಿನಲ್ಲಂತೂ ಒತ್ತಡ ನೋಡದೆ ಅಂಕಿ ಓದಲೇಬಾರದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ; ಮಂಗಳೂರಿನಲ್ಲಿ 100. ನಮ್ಮ ಶ್ರೀಗಂಧದೆಣ್ಣೆಯ ಮುಖ್ಯ ಘಟಕ ಆಲ್ಫಾ-ಸ್ಯಾಂಟಲಾಲ್. ಅದರ ಕುದಿಯುವ ಬಿಂದು ಕೈಪಿಡಿಗಳಲ್ಲಿ 166-167 ಎಂದಿರುತ್ತದೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ 14 ಮಿಲಿಮೀಟರ್ ಒತ್ತಡ ಎಂದಿರುತ್ತದೆ. ಮಾಮೂಲಿ ಒತ್ತಡ 760 ಮಿಲಿಮೀಟರ್. ಅಲ್ಲಿ ಅದು ಕುದಿಯಲು ಸುಮಾರು 300 ಡಿಗ್ರಿ ಬೇಕು. ಸಣ್ಣಕ್ಷರ ಬಿಟ್ಟು ಓದಿದವನ ಲೆಕ್ಕ ಪೂರ್ತಿ ತಲೆಕೆಳಗು. ಇಂಥ ಭೌತಗುಣಗಳಿಗೆ ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 1996ರಿಂದ ನಡೆಸುತ್ತಿರುವ ಕೆಮಿಸ್ಟ್ರಿ ವೆಬ್‌ಬುಕ್ ಒಳ್ಳೆಯ ಜಾಗ. ವಸ್ತುಗಳ ಸಂಖ್ಯೆ ಕಡಿಮೆ, ಆದರೆ ಅಂಕಿಗಳನ್ನು ಜರಡಿ ಹಿಡಿದಿದ್ದಾರೆ.

ವಿಷವೋ ಅಲ್ಲವೋ

ಎಲ್ಲರೂ ಹುಡುಕುವ ಭಾಗ ಇದು. ಕಾಟನ್ ಕ್ಯಾಂಡಿ ಸುದ್ದಿಯಲ್ಲಿ ರೋಡಮೈನ್ ಬಿ ಹೆಸರಿನ ಹಿಂದೆ ಕ್ಯಾನ್ಸರ್‌ಕಾರಕ ಎಂಬ ವಿಶೇಷಣ ಕಾಯಂ ಆಗಿತ್ತು. ದಾಖಲೆ ನೋಡಿದರೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಅದನ್ನು 3ನೇ ಗುಂಪಿನಲ್ಲಿ ಇಟ್ಟಿದೆ. ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೋ ಇಲ್ಲವೋ ವರ್ಗೀಕರಿಸಲು ಸಾಕ್ಷ್ಯ ಸಾಲದು ಎಂಬುದು ಆ ಗುಂಪಿನ ಅರ್ಥ. ಹಾಗೆಂದು ಸುರಕ್ಷಿತ ಎನ್ನುವ ಶಿಫಾರಸು ಪತ್ರವೂ ಅದಲ್ಲ. ಪುಡಿ ಕಣ್ಣಿಗೆ ಬಿದ್ದರೆ ಗಂಭೀರ ಹಾನಿ ಎಂಬ ಎಚ್ಚರಿಕೆ ಅದೇ ಪುಟದಲ್ಲಿದೆ. ಎಲ್ಲಕ್ಕಿಂತ ಮುಖ್ಯವಾಗಿ, ಭಾರತದಲ್ಲಿ ಆಹಾರಕ್ಕೆ ಹಾಕಲು ಅನುಮತಿ ಇರುವ ಎಂಟು ಕೃತಕ ಬಣ್ಣಗಳ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ. ನಿಷೇಧಕ್ಕೆ ಅಷ್ಟು ಸಾಕು, ಕ್ಯಾನ್ಸರ್‌ನ ಸಾಕ್ಷಿ ಬೇಕಿಲ್ಲ.

ಟಾರ್ಟ್ರಜೀನ್ ಕಥೆ ಬೇರೆ. ಆ ಎಂಟರ ಪಟ್ಟಿಯಲ್ಲಿ ಅದಿದೆ, ಕೆಲವು ಗೊತ್ತುಪಡಿಸಿದ ತಿನಿಸುಗಳಿಗೆ, ಗೊತ್ತುಪಡಿಸಿದ ಮಿತಿಯೊಳಗೆ ಹಾಕಬಹುದು. ಗೋಬಿ ಆ ತಿನಿಸುಗಳಲ್ಲಿ ಒಂದಲ್ಲ. ಒಂದೇ ಸುದ್ದಿಯ ಒಂದೇ ಸಾಲಿನಲ್ಲಿ ಕೂತ ಎರಡು ಹೆಸರುಗಳ ಹಿಂದೆ ಕಾನೂನಿನ ಎರಡು ಬೇರೆ ಕಾರಣಗಳಿದ್ದವು. ಡೇಟಾಬೇಸ್ ವಸ್ತುವಿನ ಸ್ವಭಾವ ಹೇಳುತ್ತದೆ; ಎಲ್ಲಿ, ಎಷ್ಟು ಹಾಕಬಹುದೆಂದು ತಿಳಿಯಲು ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ನೋಡಬೇಕು.

ಪ್ರಮಾಣ ಬಿಟ್ಟು ಬರೀ ಅಪಾಯದ ಚಿಹ್ನೆ ಓದಿದರೆ ನಗೆಪಾಟಲಾಗುವುದೂ ಉಂಟು. ಕೆಫೀನ್ ಪುಟ ತೆರೆದರೆ, ನುಂಗಿದರೆ ಹಾನಿಕರ ಎಂಬ ಆಶ್ಚರ್ಯಸೂಚಕ ಚಿಹ್ನೆ ಕಾಣುತ್ತದೆ. ಶುದ್ಧ ಪುಡಿಯ ಮಟ್ಟಿಗೆ ಮಾತು ನಿಜ, ಬೆಳಗಿನ ಫಿಲ್ಟರ್ ಕಾಫಿಗೆ ಅದನ್ನು ಅನ್ವಯಿಸಿ ಗಾಬರಿಯಾಗುವವರು ಯಾರೂ ಇಲ್ಲ. 2004ರಲ್ಲಿ ಕ್ಯಾಲಿಫೋರ್ನಿಯಾದ ಅಲೀಸೊ ವಿಯೆಹೊ ಎಂಬ ಊರಿನ ನಗರಸಭೆ ಡೈಹೈಡ್ರೋಜನ್ ಮೊನಾಕ್ಸೈಡ್ ಎಂಬ ಭಯಾನಕ ರಾಸಾಯನಿಕ ಬಳಸಿ ಮಾಡುತ್ತಾರೆಂಬ ಕಾರಣಕ್ಕೆ ಫೋಮ್ ಲೋಟಗಳನ್ನು ನಿಷೇಧಿಸಲು ಹೊರಟಿತ್ತು. ಎರಡು ಜಲಜನಕ, ಒಂದು ಆಮ್ಲಜನಕ. ನೀರು! ಯಾರೋ ತಮಾಷೆಗೆ ಮಾಡಿದ ಪುಟವನ್ನು ನಗರಸಭೆಯವರು ನಂಬಿದ್ದರು.

ಹುಡುಕದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಮಾತ್ರ ನಗಲಾಗದ ಉದಾಹರಣೆಯಿದೆ. 1937ರಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಮ್ಯಾಸೆಂಗಿಲ್ ಕಂಪನಿ ಸಲ್ಫಾನಿಲಮೈಡ್ ಎಂಬ ಔಷಧವನ್ನು ದ್ರವರೂಪದಲ್ಲಿ ತರಲು ಹೊರಟಿತು. ಮಾತ್ರೆ ನೀರಲ್ಲಿ ಚೆನ್ನಾಗಿ ಕರಗುತ್ತಿರಲಿಲ್ಲ. ಕಂಪನಿಯ ಕೆಮಿಸ್ಟ್ ಡೈಎಥಿಲೀನ್ ಗ್ಲೈಕಾಲ್‌ನಲ್ಲಿ ಕರಗಿಸಿ ನೋಡಿದ, ಕರಗಿತು. ರಾಸ್‌ಬೆರಿ ಪರಿಮಳ ಸೇರಿಸಿ, ರುಚಿ, ಬಣ್ಣ, ವಾಸನೆ ಪರೀಕ್ಷಿಸಿ ಪೇಟೆಗೆ ಬಿಟ್ಟರು. ವಿಷಪರೀಕ್ಷೆ ಮಾಡಲಿಲ್ಲ. ಡೈಎಥಿಲೀನ್ ಗ್ಲೈಕಾಲ್ ಮೂತ್ರಪಿಂಡ ಕೆಡಿಸುತ್ತದೆ ಎಂಬ ವರದಿಗಳು ಆಗಲೇ ವೈದ್ಯಕೀಯ ಪತ್ರಿಕೆಗಳಲ್ಲಿ ಅಚ್ಚಾಗಿದ್ದವು. ಲೈಬ್ರರಿಗೆ ಹೋಗಿ ನೋಡಿದ್ದರೆ ಸಿಗುತ್ತಿತ್ತು. ನೂರಕ್ಕೂ ಹೆಚ್ಚು ಜನ ಸತ್ತರು, ಬಹಳಷ್ಟು ಮಕ್ಕಳು. ಆಗಿನ ಕಾನೂನಿನಲ್ಲಿ ವಿಷವಿರುವ ಔಷಧ ಮಾರುವುದು ಅಪರಾಧವೇ ಆಗಿರಲಿಲ್ಲ. ಆಲ್ಕೋಹಾಲ್ ಇಲ್ಲದ ಈ ದ್ರವವನ್ನು ಎಲಿಕ್ಸಿರ್, ಅಂದರೆ ಆಲ್ಕೋಹಾಲ್ ಇರುವ ಔಷಧ, ಎಂಬ ಹೆಸರಿನಲ್ಲಿ ಮಾರಿದ್ದಕ್ಕೆ ಕೇಸು ಹಾಕಿದರು. ಮರುವರ್ಷ ಹೊಸ ಕಾನೂನು ಬಂತು.

ಅದೇ ಡೈಎಥಿಲೀನ್ ಗ್ಲೈಕಾಲ್ 1986ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಗ್ಲಿಸರಿನ್ ಮೂಲಕ ಬಂದು 14 ಜನರನ್ನು ಕೊಂದಿತು. 2025ರಲ್ಲಿ ಮಧ್ಯಪ್ರದೇಶದ ಮಕ್ಕಳ ಕೆಮ್ಮಿನ ಸಿರಪ್‌ನಲ್ಲೂ ಅದೇ ಸಿಕ್ಕಿತು. ಸಿರಪ್ಪಿಗೆ ಹಾಕಬೇಕಾದ ಪ್ರೊಪಿಲೀನ್ ಗ್ಲೈಕಾಲ್‌ನ ನಂಬರು 57-55-6, ಹಾಕಬಾರದ ಇದರ ನಂಬರು 111-46-6. ನೋಡಲು ಎರಡೂ ಬಣ್ಣವಿಲ್ಲದ, ಮಂದವಾದ, ಸಿಹಿ ದ್ರವ. ಡ್ರಮ್ಮಿನ ಮೇಲೆ ಸರಿಯಾದ ನಂಬರು ಇದ್ದರೂ ಒಳಗೆ ಬೇರೆಯದೇ ಇರಬಹುದು. ಹಾಗಾಗಿ ಬಂದ ಪ್ರತಿ ಡ್ರಮ್ಮನ್ನೂ ತೆರೆದು ಪರೀಕ್ಷಿಸಿ, ಬಂದ ಫಲಿತಾಂಶವನ್ನು ದಾಖಲೆಯ ಗುಣಗಳ ಜೊತೆ ತಾಳೆ ನೋಡಬೇಕು. ಇದನ್ನು ಬಿಟ್ಟ ಕಡೆ ಜನ ಸತ್ತಿದ್ದಾರೆ.

ದಾಖಲೆಯೇ ತಪ್ಪಿದ್ದರೆ?

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಸಾವಿರಾರು ರಾಸಾಯನಿಕಗಳ ಸಂಗ್ರಹ ಇಟ್ಟುಕೊಂಡು ಸಂಶೋಧಕರಿಗೆ ಹಂಚುತ್ತದೆ. ಅದರಿಂದ ಬಂದ ಟಿಕ್10 ಎಂಬ ವಸ್ತು ಗಡ್ಡೆಗಳ ಮೇಲೆ ಕೆಲಸ ಮಾಡುತ್ತದೆಂದು 2013ರಲ್ಲಿ ವರದಿಯಾಯಿತು, ಪೇಟೆಂಟೂ ಆಯಿತು. ಅಣುವಿನ ರಚನೆಯನ್ನು ಸಂಸ್ಥೆಯ ಡೇಟಾಬೇಸಿನಲ್ಲಿ ಇದ್ದಂತೆಯೇ ಬಳಸಿದರು. ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ಕಿಮ್ ಜಾಂಡಾ ತಂಡ ಆ ಚಿತ್ರ ನೋಡಿಕೊಂಡು ವಸ್ತುವನ್ನು ತಯಾರಿಸಿತು. ಕೆಲಸವೇ ಮಾಡಲಿಲ್ಲ. ಸಂಸ್ಥೆಯಿಂದ ತರಿಸಿದ ಪುಡಿ ಮಾತ್ರ ಕೆಲಸ ಮಾಡುತ್ತಿತ್ತು. ಹರಳು ಬೆಳೆಸಿ ಎಕ್ಸ್-ರೇ ಹಾಯಿಸಿದಾಗ ಗುಟ್ಟು ರಟ್ಟಾಯಿತು: ಮೂರು ಉಂಗುರಗಳು ನೇರ ಸಾಲಿನಲ್ಲಿವೆ ಎಂದು ದಾಖಲೆ ಹೇಳುತ್ತಿತ್ತು, ನಿಜವಾದ ಅಣುವಿನಲ್ಲಿ ಅವು ಬಾಗಿದ್ದವು. ಸೂತ್ರ ಅದೇ, ತೂಕ ಅದೇ. 2014ರಲ್ಲಿ ಇದು ಪ್ರಕಟವಾದಾಗ ಪೇಟೆಂಟ್ ಯಾರದೆಂಬ ಜಟಾಪಟಿಯೂ ಶುರುವಾಯಿತು. ಆ ಬಾಗಿದ ಅಣು 2025ರಲ್ಲಿ ಒಂದು ಬಗೆಯ ಮಿದುಳಿನ ಗಡ್ಡೆಗೆ ಔಷಧವಾಗಿ ಅಮೆರಿಕದಲ್ಲಿ ಒಪ್ಪಿಗೆ ಪಡೆದಿದೆ.

ಹರಳಿನ ಎಕ್ಸ್-ರೇ ಹೇಳುವ ಮಾತನ್ನು ರಸಾಯನ ಜಗತ್ತು ಇಷ್ಟು ನಂಬುವುದರಿಂದಲೇ ಅದಕ್ಕೊಂದು ಪ್ರತ್ಯೇಕ ಭಂಡಾರವಿದೆ. ಓಲ್ಗಾ ಕೆನಾರ್ಡ್ ಎಂಬ ಮಹಿಳೆ 1965ರಲ್ಲಿ ಕೇಂಬ್ರಿಜ್‌ನಲ್ಲಿ ಕಟ್ಟಲು ಶುರುಮಾಡಿದ ಸ್ಟ್ರಕ್ಚರಲ್ ಡೇಟಾಬೇಸ್ 2019ರಲ್ಲಿ ಹತ್ತು ಲಕ್ಷ ರಚನೆ ದಾಟಿತು. ಪ್ರೋಟೀನುಗಳದ್ದು ಬೇರೆಯೇ ಬ್ಯಾಂಕು. 1971ರಲ್ಲಿ ಏಳೇ ಏಳು ರಚನೆಗಳಿಂದ ಶುರುವಾದದ್ದು. ಅಲ್ಲಿಗೆ ಹೊಸ ರಚನೆ ಕೊಟ್ಟವರ ಕೆಲಸ ಸರಿಯಿದೆಯೇ ಎಂದು ಪರೀಕ್ಷಿಸಲು ಇಂದಿಗೂ ಬಳಸುವ ಒರೆಗಲ್ಲು ರಾಮಚಂದ್ರನ್ ನಕ್ಷೆ. ಜಿ.ಎನ್. ರಾಮಚಂದ್ರನ್ ಅದನ್ನು 1963ರಲ್ಲಿ ಮದ್ರಾಸಿನಲ್ಲಿದ್ದಾಗ ಸಂಗಡಿಗರೊಂದಿಗೆ ರೂಪಿಸಿದರು, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗ ಕಟ್ಟಿದರು.

ದುಡ್ಡಿನ ಮಾತು

ಇದೆಲ್ಲ ಮೊದಲು ಪುಸ್ತಕವಾಗಿತ್ತು. ಸೇಂಟ್ ಪೀಟರ್ಸ್‌ಬರ್ಗ್‌ನ ಫ್ರೆಡ್ರಿಕ್ ಬೈಲ್‌ಸ್ಟೈನ್ 1881ರಲ್ಲಿ ಸಾವಯವ ಸಂಯುಕ್ತಗಳ ಕೈಪಿಡಿ ತರಲು ಶುರುಮಾಡಿದರು. ತಾಮ್ರದ ತಂತಿ ಕಾಯಿಸಿ ಹಸಿರು ಜ್ವಾಲೆ ನೋಡುವ ಕಾಲೇಜು ಪ್ರಯೋಗ ನೆನಪಿದೆಯಲ್ಲ, ಅದೂ ಇವರದ್ದೇ. ಅವರ ಕಾಲಾನಂತರವೂ ಬೆಳೆಯುತ್ತ ಹೋದ ಆ ಕೈಪಿಡಿ ಈಗ ರಿಯಾಕ್ಸಿಸ್ ಎಂಬ ದುಬಾರಿ ಡೇಟಾಬೇಸಿನೊಳಗೆ ಸೇರಿದೆ. 1907ರಲ್ಲಿ ಆರಂಭವಾದ ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್ 2010ರಿಂದ ಮುದ್ರಣ ನಿಲ್ಲಿಸಿ ಸೈಫೈಂಡರ್ ರೂಪದಲ್ಲಿ ಸಿಗುತ್ತಿದೆ, ಅದಕ್ಕೂ ದೊಡ್ಡ ಚಂದಾ. ಪಬ್‌ಕೆಮ್ ಬಂದ ಮರುವರ್ಷವೇ, ಕೆಮಿಕಲ್ ಅಬ್‌ಸ್ಟ್ರಾಕ್ಟ್ಸ್ ನಡೆಸುವ ಅಮೆರಿಕನ್ ಕೆಮಿಕಲ್ ಸೊಸೈಟಿ, ತೆರಿಗೆ ಹಣದಲ್ಲಿ ಸರ್ಕಾರ ನಮ್ಮ ವ್ಯಾಪಾರಕ್ಕೆ ಪೈಪೋಟಿ ಕೊಡುತ್ತಿದೆ ಎಂದು ದೂರು ಹೊತ್ತು ರಾಜಕಾರಣಿಗಳ ಬಳಿ ಹೋಗಿತ್ತು. ಪಬ್‌ಕೆಮ್ ಉಳಿಯಿತು. ಉಳಿಯದಿದ್ದರೆ ಚಂದಾ ಕಟ್ಟಲಾಗದ ಜಿಲ್ಲಾ ಕೇಂದ್ರದ ಕಾಲೇಜಿನ ಎಂ.ಎಸ್ಸಿ. ವಿದ್ಯಾರ್ಥಿಗೆ ಇಷ್ಟು ದೊಡ್ಡ ಭಂಡಾರ ಕೈಗೆ ಸಿಗುತ್ತಿರಲಿಲ್ಲ.

ಈಚೆಗೆ ಎಐ ಚಾಟ್‌ಬಾಟ್‌ಗಳನ್ನು ಕೇಳಿಬಿಡುವ ರೂಢಿ ಬಂದಿದೆ. ಕರಗುವ ಬಿಂದು ಕೇಳಿದರೆ ತಡವರಿಸದೆ ಒಂದು ಅಂಕಿ ಹೇಳುತ್ತವೆ. 165ನ್ನು ಹೇಳಿದವರು ಯಾರು, 210ನ್ನು ಹೇಳಿದವರು ಯಾರು ಎಂಬ ಜಗಳ ಆ ಒಂದು ಅಂಕಿಯೊಳಗೆ ಮುಚ್ಚಿಹೋಗಿರುತ್ತದೆ. ಕೇಳಬೇಡಿ ಎನ್ನುತ್ತಿಲ್ಲ, ಕೇಳಿದ ಮೇಲೆ ಮೂಲ ತೆರೆದು ನೋಡಿ.

ನಮ್ಮ ಆಹಾರ ಸುರಕ್ಷತಾ ಅಧಿಕಾರಿಗಳಲ್ಲೂ ಒಂದು ಕೋರಿಕೆ. ಮುಂದೆ ಇಂಥ ವರದಿ ಹೊರಬರುವಾಗ ಬಣ್ಣದ ಹೆಸರಿನ ಪಕ್ಕದಲ್ಲಿ ಅದರ ಕ್ಯಾಸ್ ನಂಬರು, ಮಾದರಿಯಲ್ಲಿ ಸಿಕ್ಕ ಪ್ರಮಾಣ, ಪರೀಕ್ಷಿಸಿದ ವಿಧಾನ, ಇಷ್ಟನ್ನು ಒಂದು ಸಾಲಿನಲ್ಲಿ ಅಚ್ಚುಹಾಕಿಸಿ. ಓದುವವರು ಉಳಿದದ್ದನ್ನು ತಾವೇ ಹುಡುಕಿಕೊಳ್ಳುತ್ತಾರೆ.